ಕಟ್ಟುತ್ತಿರುವ ಮನೆಯ ಹಾಲ್‌ಗೆ ಟಿವಿ, ಸ್ಪೀಕರ್: ಪ್ಲಾಸ್ಟರಿಂಗ್‌ಗೆ ಮುಂಚೆ ಏನೇನು ಮಾಡಿಕೊಳ್ಳಬೇಕು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸ್ತಾ ಇದ್ದೀವಿ. ಮೋಲ್ಡ್ ಆಗಿದೆ, ಗೋಡೆ ಎದ್ದಿದೆ, ಮುಂದಿನ ವಾರ ಎಲೆಕ್ಟ್ರಿಷಿಯನ್ ಗೋಡೆ ಕಟಿಂಗ್ ಮಾಡಿ ಪೈಪ್ ಹಾಕ್ತಾರೆ. ಅದಕ್ಕೇ ಈ ಅವಸರ.

ಹಾಲ್ 18 ಅಡಿ ಉದ್ದ, 13 ಅಡಿ ಅಗಲ, 10 ಅಡಿ ಎತ್ತರ. ಟಿವಿ 13 ಅಡಿಯ ಗೋಡೆಗೆ. ಅಲ್ಲಿಂದ 9 ಅಡಿಗೆ ಸೋಫಾ. ಟಿವಿ ಕಡೆ ಮುಖ ಮಾಡಿ ಕೂತರೆ ಎಡಕ್ಕೆ ಎರಡು ದೊಡ್ಡ ಕಿಟಕಿ, ಬಲಕ್ಕೆ ಊಟದ ಕೋಣೆಗೆ ಹೋಗುವ ಅಗಲವಾದ ಕಮಾನು, ಬಾಗಿಲಿಲ್ಲ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಟಿವಿ ಖರ್ಚು ಬೇರೆ, ಸೌಂಡ್‌ಗೆ ಅಂತ ಒಂದೂವರೆ ಲಕ್ಷ ಇಟ್ಟಿದ್ದೀವಿ.

ಅಪ್ಪನಿಗೆ 74 ವರ್ಷ. ಈಗಿನ ಬಾಡಿಗೆ ಮನೇಲಿ ಟಿವಿಯಲ್ಲಿ ಮಾತು ಅವರಿಗೆ ಸರಿಯಾಗಿ ತಿಳಿಯಲ್ಲ. ಸೌಂಡ್ ಏರಿಸಿದರೆ ಹಾಡೋ ಫೈಟೋ ಬಂದಾಗ ಕಿವಿ ಗಡಚಿಕ್ಕುತ್ತೆ. ಅವರು ಸೋಫಾದಲ್ಲಿ ಕೂರಲ್ಲ, ಪಕ್ಕದಲ್ಲಿ ಅವರದೇ ಬೆತ್ತದ ಕುರ್ಚಿ. ಹೊಸ ಮನೇಲಾದರೂ ಅವರು ನಮ್ಮ ಜೊತೆ ಕೂತು ಪೂರ್ತಿ ಸಿನಿಮಾ ನೋಡಲಿ ಅನ್ನೋದು ನನ್ನ ಮುಖ್ಯ ಆಸೆ.

ಅಂಗಡಿಯವರು 7.1.2 ಪ್ಯಾಕೇಜ್ (ಸುತ್ತ ಏಳು, ತಗ್ಗು ಸ್ವರಕ್ಕೆ ಒಂದು ಸಬ್‌ವೂಫರ್, ತಲೆ ಮೇಲಿನ ಶಬ್ದಕ್ಕೆ ಎರಡು) ಹೇಳಿದ್ದಾರೆ, ಒಟ್ಟು ಹತ್ತು ಸ್ಪೀಕರ್, 1,200 ವಾಟ್. ತಗೋಬಹುದಾ?

ನಾದಲೋಲ, ಬೆಂಗಳೂರು

ಸಾರ್, ನಾನು ಡಬ್ಬಿಂಗ್, ಮಿಕ್ಸಿಂಗ್ ಕೆಲಸದಲ್ಲಿರೋನು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಈ ದುಡ್ಡಿಗೆ ಹತ್ತು ಸ್ಪೀಕರ್ ಬೇಡ. ಅದೇ ದುಡ್ಡನ್ನ ಹತ್ತು ಪೆಟ್ಟಿಗೆಗೆ ಹಂಚಿದರೆ ಒಂದೂ ಸರಿಯಾಗಿರಲ್ಲ. ಮುಂದಿನ ಮೂರು ಚೆನ್ನಾಗಿರೋದು ತಗೊಳ್ಳಿ, ಒಂದು ಸಬ್‌ವೂಫರ್ ತಗೊಳ್ಳಿ. ಉಳಿದದ್ದಕ್ಕೆ ಪೈಪ್ ಮಾತ್ರ ಹಾಕಿಸಿಟ್ಟುಕೊಳ್ಳಿ.

ಕಾರಣ ನಿಮ್ಮ ಅಪ್ಪನ ಕುರ್ಚಿ. ಸಿನಿಮಾ ಮಿಕ್ಸ್ ಮಾಡುವಾಗ ಮಾತನ್ನು ಬಹುಪಾಲು ನಡುವಿನ ಚಾನೆಲ್‌ಗೇ, ಅಂದರೆ ನಡುವಿನ ಸ್ಪೀಕರ್‌ಗೆ ಹೋಗೋ ಹಾಗೆ ಹಾಕ್ತೀವಿ. ಹಿನ್ನೆಲೆ ಸಂಗೀತ, ಮಳೆ, ಗಾಡಿ ಸದ್ದು ಎಲ್ಲ ಎಡಬಲಕ್ಕೆ, ಹಿಂದಕ್ಕೆ ಹೋಗುತ್ತೆ. ನಡುವೆ ನಿಜವಾಗಿ ಒಂದು ಸ್ಪೀಕರ್ ಇದ್ದರೆ ಅದೊಂದನ್ನೇ 2–3 ಡೆಸಿಬಲ್ ಏರಿಸಬಹುದು. ಮಾತು ಮುಂದೆ ಬರುತ್ತೆ, ಫೈಟು ಅಲ್ಲೇ ಇರುತ್ತೆ. ಟಿವಿಯೊಳಗಿನ ಸ್ಪೀಕರ್‌ನಲ್ಲಿ ಎಲ್ಲ ಕಲಸಿ ಬರೋದರಿಂದ ಈ ದಾರಿಯೇ ಇಲ್ಲ. ಅದೂ ಅಲ್ಲದೆ ಈಗಿನ ತೆಳು ಟಿವಿಗಳಲ್ಲಿ ಸ್ಪೀಕರ್ ಕೆಳಕ್ಕೋ ಗೋಡೆ ಕಡೆಗೋ ಮುಖ ಮಾಡಿರುತ್ತೆ. ವಯಸ್ಸಾದವರಿಗೆ ಮೊದಲು ಮಂದವಾಗೋದು ಮೇಲಿನ ಕಂಪನಗಳು, ಅಂದರೆ ಸ, ಷ, ತ, ಕ ಇವುಗಳನ್ನ ಬೇರೆ ಬೇರೆಯಾಗಿ ಗುರುತಿಸೋ ಭಾಗ. ಗೋಡೆಗೆ ಬಡಿದು ಬಂದ ಶಬ್ದದಲ್ಲಿ ಮೊದಲು ಕಳೆದುಹೋಗೋದೂ ಅದೇ.

ಇನ್ನು ಪರದೆ. 9 ಅಡಿ ದೂರಕ್ಕೆ 55 ಇಂಚಿನ ಟಿವಿ ಸುಮಾರು 25 ಡಿಗ್ರಿ ಅಗಲ ಕಾಣುತ್ತೆ, 65 ಇಂಚಿನದು 29–30 ಡಿಗ್ರಿ. ಸಿನಿಮಾಕ್ಕೆ 30ರ ಆಸುಪಾಸು ಇರಲಿ ಅನ್ನೋದು ಹಳೆಯ ಶಿಫಾರಸು. ಹಾಗಾಗಿ 65. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ 40–42 ಇಂಚಿಗೆ ಬರಲಿ. ನಮ್ಮಲ್ಲಿ ಶೋಕೇಸ್ ಮೇಲೆ ಐದೂವರೆ ಅಡಿಗೆ ತೂಗುಹಾಕ್ತಾರೆ, ಒಂದು ಸಿನಿಮಾ ಮುಗಿಯೋಷ್ಟರಲ್ಲಿ ಕತ್ತು ನೋವು. ಎಲೆಕ್ಟ್ರಿಷಿಯನ್ ಪಾಯಿಂಟ್ ಕೊಡೋ ಮುಂಚೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಟಿವಿ ಬರೆದು, ಕುರ್ಚಿ ಹಾಕಿ ಕೂತು ನೋಡಿ.

ಸುಮಾ_ಜಯನಗರ

ನನ್ನದು ಬೇರೆ ಅಭಿಪ್ರಾಯ. ರಿಸೀವರ್ (ಟಿವಿಯ ಶಬ್ದ ತಗೊಂಡು ಎಲ್ಲ ಸ್ಪೀಕರ್‌ಗೂ ಹಂಚೋ ಆಂಪ್ಲಿಫೈಯರ್ ಪೆಟ್ಟಿಗೆ), ಸ್ಪೀಕರ್ ಅಂತ ಶುರು ಮಾಡಿದರೆ ಮನೆಯಲ್ಲಿ ಒಬ್ಬರಿಗೆ ಮಾತ್ರ ಅದನ್ನು ಹಾಕೋಕೆ ಬರುತ್ತೆ. ಅವರು ಊರಲ್ಲಿಲ್ಲದ ದಿನ ಟಿವಿ ಮೂಕ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಆರಿಸಿದ್ದು 3.1 ಸೌಂಡ್‌ಬಾರ್, ಅಂದರೆ ಮುಂದಿನ ಮೂರು ಚಾನೆಲ್ಲೂ ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ, ಜೊತೆಗೊಂದು ಸಬ್‌ವೂಫರ್. ಒಂದೇ ಎಚ್‌ಡಿಎಂಐ ವೈರ್, ಟಿವಿ ರಿಮೋಟಿನಲ್ಲೇ ಎಲ್ಲ. ನಮ್ಮ ಅತ್ತೆ ತಾವೇ ಹಾಕ್ಕೊಂಡು ನೋಡ್ತಾರೆ. ಬಾರ್‌ನಲ್ಲೂ ನಡುವಿನ ಚಾನೆಲ್ ಬೇರೆಯಾಗಿರುವ ಮಾದರಿಗಳಿವೆ, "2.1" ಅಂತ ಇರೋದರಲ್ಲಿ ಇರಲ್ಲ. ಅದನ್ನು ಮಾತ್ರ ನೋಡಿಕೊಳ್ಳಬೇಕು. ವಯಸ್ಸಾದವರಿರುವ ಮನೆಗೆ ಸರಳವಾಗಿರೋದೂ ಒಂದು ಗುಣವೇ.

ನಾದಲೋಲ, ಬೆಂಗಳೂರು

ಸುಮಾ ಮೇಡಂ, ಸರಳತೆ ಬಗ್ಗೆ ನೂರಕ್ಕೆ ನೂರು ಒಪ್ತೀನಿ. 10–11 ಅಡಿ ಕೋಣೆಗೆ, ಬಾಡಿಗೆ ಮನೆಗೆ 3.1 ಬಾರ್ ಒಳ್ಳೆ ಆಯ್ಕೆ. ಆದರೆ ಇವರದು 18 ಅಡಿ ಹಾಲ್, ಪಕ್ಕ ಪೂರ್ತಿ ತೆರೆದಿದೆ. ನಾಲ್ಕು ಅಡಿಯ ಬಾರ್‌ನಿಂದ ಅಷ್ಟು ಜಾಗ ತುಂಬಿಸಬೇಕಾದರೆ ಅದರೊಳಗಿನ ಪುಟ್ಟ ಸ್ಪೀಕರ್‌ಗಳು ಮೈ ಬಿಗಿದು ಕೂಗಬೇಕಾಗುತ್ತೆ, ಆಗ ಮಾತು ಒರಟಾಗುತ್ತೆ. ರಿಮೋಟಿನ ಚಿಂತೆ ರಿಸೀವರ್‌ಗೂ ಬೇಡ. ಎಚ್‌ಡಿಎಂಐಯ ಸಿಇಸಿ ಅನ್ನೋ ಸೆಟಿಂಗ್ ಆನ್ ಮಾಡಿಟ್ಟರೆ ಟಿವಿ ಹಾಕಿದಾಗ ರಿಸೀವರ್ ತಾನೇ ಏಳುತ್ತೆ, ಟಿವಿ ರಿಮೋಟಿನ ವಾಲ್ಯೂಮ್ ಅದಕ್ಕೇ ಹೋಗುತ್ತೆ.

ಸಾಧನಕೇರಿ, ಧಾರವಾಡ

ನಾನೂ ಒಂದ್ ಮಾತ ಹೇಳ್ತೀನ್ರಿ. ನಮ್ಮ ಮನ್ಯಾಗ ಬೆಳಗಾದ್ರ ಸಂಗೀತ, ಸಿನಿಮಾ ಅಪರೂಪ. ಹಂಗಿದ್ದವ್ರಿಗೆ ಎರಡ ಛಲೋ ಸ್ಪೀಕರ್, ಒಂದ್ ಸ್ಟೀರಿಯೊ ಆಂಪ್ಲಿಫೈಯರ್ ಸಾಕು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಹಳೇ ರೆಕಾರ್ಡಿಂಗ್ ಭಾಳಷ್ಟು ಮೋನೋ ಅದಾವ, ಅಂದ್ರ ಎರಡೂ ಸ್ಪೀಕರಿಗೆ ಒಂದ ಶಬ್ದ. ಎರಡೂ ಸ್ಪೀಕರ್ ಸರಿ ಇಟ್ಟಿದ್ರ ದನಿ ನಟ್ಟನಡುವ, ಏನೂ ಇಲ್ಲದ ಜಾಗಾದಿಂದ ಬರ್ತದ. ಕಣ್ಣ ಮುಚ್ಚಿ ಕೇಳ್ರಿ, ಅವರು ಎದುರಿಗೇ ಕೂತು ಹಾಡಾಕತ್ತಾರ ಅನಸ್ತದ. ದನಿ ಒಂದ ಕಡೆ ವಾಲಿದ್ರ ಇಟ್ಟ ಜಾಗಾ ತಪ್ಪೇತಿ ಅಂತ ತಿಳೀರಿ. ದನಿ ಎಲ್ಲಿಂದ ಬರ್ತದ ಅಂತನ ತಿಳೀವಲ್ದು, ತಬಲಾದ ಎಡಗೈಯ ಬಾಯಾಂಗೂ ಜೀವ ಇಲ್ಲ ಅಂದ್ರ ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲು ಬದಲಾಗ್ಯಾವ. ಯಾವ ಮೀಟರೂ ಬ್ಯಾಡ, ಮೋನೋ ಗಾಯನ ಒಂದ ಸಾಕು ಪರೀಕ್ಷೆಕ್ಕ.

ಇನ್ನೊಂದು, ಆ ಟೈಲ್ಸಿನ ಮ್ಯಾಲ ಏನರ ಹಾಸ್ರಿ. ಖಾಲಿ ಹಾಲಿನ್ಯಾಗ ಚಪ್ಪಾಳೆ ಹೊಡದ ನೋಡ್ರಿ, "ಝಣ್" ಅಂತದ. ಆ ಝಣಝಣ ಪ್ರತಿ ಮಾತಿಗೂ ಕೂಡತದ. ನವಲಗುಂದದ ಜಮಖಾನ ಚಂದ ಖರೆ, ಆದ್ರ ತೆಳು. ಅದರ ಕೆಳಗ ಒಂದು ದಪ್ಪನೆಯ ಹಾಸು ಹಾಕಿದ್ರ ಕೆಲಸ ಮಾಡ್ತದ. ಸ್ಪೀಕರಿಗೂ ಸೋಫಾಕ್ಕೂ ನಡುವಿನ ನೆಲ ಮುಚ್ಚಬೇಕ್ರಿ, ಸೋಫಾದ ಕೆಳಗ ಅಲ್ಲ.

ನಾದಲೋಲ, ಬೆಂಗಳೂರು

ಸಾಧನಕೇರಿಯವರ ಮೋನೋ ಪರೀಕ್ಷೆ ನಾನೂ ಸ್ಟುಡಿಯೋದಲ್ಲಿ ಮಾಡೋದೇ. ಒಂದು ಮಾತು ಸೇರಿಸ್ತೀನಿ. ಎರಡು ಸ್ಪೀಕರ್ ನಡುವೆ ಮೂಡೋ ಆ ದನಿ ನಟ್ಟನಡುವೆ ಕೂತವರಿಗೆ ಮಾತ್ರ. ಎರಡು ಅಡಿ ಪಕ್ಕಕ್ಕೆ ಸರಿದರೆ ದನಿ ಹತ್ತಿರದ ಸ್ಪೀಕರ್‌ಗೆ ಹಾರಿಬಿಡುತ್ತೆ. ತುಂಗಾತೀರ ಅವರ ತಂದೆ ಪಕ್ಕದಲ್ಲಿ ಕೂರೋದರಿಂದಲೇ ನಡುವಿನ ಸ್ಪೀಕರ್ ಮೇಲೆ ಇಷ್ಟು ಒತ್ತು ಕೊಟ್ಟೆ.

ವೈರ್‌ಮ್ಯಾನ್, ಮೈಸೂರು

ಗೋಡೆ ಕಟಿಂಗ್ ಮುಂದಿನ ವಾರ ಅಂದ್ರಲ್ಲ, ಮೊದಲು ಇದನ್ನ ಓದಿ ಸಾರ್. ಸ್ಪೀಕರ್ ಯಾವುದು ಅಂತ ಆಮೇಲೆ ಜಗಳ ಆಡಬಹುದು.

ಟಿವಿ ಹಿಂದಿನಿಂದ ಕೆಳಗಿನ ಯೂನಿಟ್‌ಗೆ 50 ಎಂಎಂ ಪಿವಿಸಿ ಪೈಪ್ ಹಾಕಿಸಿ. ಎಲ್ಲರೂ 20 ಅಥವಾ 25 ಹಾಕಿಬಿಡ್ತಾರೆ. ಎಚ್‌ಡಿಎಂಐ ವೈರ್ ಸಣ್ಣದಿದ್ದರೂ ಅದರ ತಲೆ ಅಗಲ, ಹಿಡಿಕೆ ಸೇರಿ ಸುಮಾರು 20 ಎಂಎಂ. ಬೆಂಡ್‌ನಲ್ಲಿ ಸಿಕ್ಕಿಕೊಂಡರೆ ಗೋಡೆ ಒಡೀಬೇಕು. ಎಲ್ಬೋ ಬೇಡವೇ ಬೇಡ, ನಿಧಾನಕ್ಕೆ ತಿರುಗೋ ಉದ್ದನೆಯ ಬೆಂಡ್. ಒಳಗೆ ಒಂದು ನೈಲಾನ್ ದಾರ ಎಳೆದು ಎರಡೂ ತುದಿ ಕಟ್ಟಿಡಿ, ಮುಂದೆ ಯಾವ ವೈರ್ ಬಂದರೂ ಅದಕ್ಕೇ ಕಟ್ಟಿ ಎಳೆಯಬಹುದು. ಮಾಮೂಲಿ ಎಚ್‌ಡಿಎಂಐ ವೈರ್ 4ಕೆಗೆ ಐದು ಮೀಟರ್ ಒಳಗಿರಲಿ. ಅದಕ್ಕಿಂತ ದೂರ ಅಂದರೆ ಫೈಬರ್ ಇರೋದು ಬೇಕು. ಅದಕ್ಕೆ ಒಂದೇ ದಿಕ್ಕು, ಉಲ್ಟಾ ಎಳೆದರೆ ಚಿತ್ರ ಬರಲ್ಲ.

ಸ್ಪೀಕರ್‌ಗೆ ಶುದ್ಧ ತಾಮ್ರದ ಎಳೆ. ಮುಂದಿನ ಮೂರಕ್ಕೆ 1.5 ಚದರ ಎಂಎಂ ಸಾಕು. ಹಿಂದಿನ ಸ್ಪೀಕರ್‌ಗೆ ಗೋಡೆ ಸುತ್ತಿ 40–50 ಅಡಿ ಆಗುತ್ತೆ, ಅದಕ್ಕೆ 2.5. ಅಂಗಡೀಲಿ "ಸಿಸಿಎ" ಅಂತ ಅಗ್ಗಕ್ಕೆ ಕೊಡೋದು ತಾಮ್ರ ಬಳಿದ ಅಲ್ಯೂಮಿನಿಯಂ, ಬೇಡ. ಅಡಿಗೆ ಸಾವಿರಾರು ರೂಪಾಯಿ ವೈರೂ ಬೇಡ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಳ್ಳೆ ತಾಮ್ರದ ವೈರ್, ಬನಾನಾ ಪ್ಲಗ್ ಎಲ್ಲ ಸಿಗುತ್ತೆ. ನಿಮಗೆ ಬಲಗಡೆ ಕಮಾನು ಇರೋದರಿಂದ ಆ ಕಡೆ ಹಿಂದಿನ ಸ್ಪೀಕರ್‌ಗೆ ಗೋಡೆ ಸಿಗಲ್ಲ. ಟೈಲ್ಸ್ ಹಾಕೋ ಮುಂಚೆ ನೆಲದಲ್ಲೇ ಒಂದು ಪೈಪ್ ತಂದುಬಿಡಿ. ಇದನ್ನ ಮರೆತರೆ ಆಮೇಲೆ ದಾರಿ ಇಲ್ಲ.

ಕರೆಂಟ್ ಪೈಪು, ಸ್ಪೀಕರ್ ಪೈಪು ಒಟ್ಟಿಗೆ ಹೋಗಬಾರದು. ಒಂದಡಿ ಅಂತರ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಟಿವಿ, ರಿಸೀವರ್, ಸಬ್‌ವೂಫರ್, ಸೆಟ್‌ಟಾಪ್ ಬಾಕ್ಸ್ ಎಲ್ಲಕ್ಕೂ ಒಂದೇ ಲೈನ್, ಒಂದೇ ಅರ್ಥ್. ಬೇರೆ ಬೇರೆ ಕಡೆಯಿಂದ ತಗೊಂಡರೆ "ಗುಂಯ್" ಅನ್ನೋ ಹಮ್ಮಿಂಗ್ ಬರೋ ಸಾಧ್ಯತೆ ಜಾಸ್ತಿ.

ಶಿವಮೊಗ್ಗ ಕಡೆ ಮುಂಗಾರಿಗೆ ಮೊದಲು ಸಿಡಿಲು ಜೋರು. ಡಿಬಿಯಲ್ಲಿ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ಎಸ್‌ಪಿಡಿ, ಅಂದರೆ ಸರ್ಜ್ ತಡೆಯೋ ಸಾಧನ ಹಾಕಿಸಿ, ಆದರೆ ಅರ್ಥಿಂಗ್ ಸರಿಯಿಲ್ಲದೆ ಅದು ಯಾವ ಕೆಲಸಕ್ಕೂ ಬರಲ್ಲ. ಸರ್ಜ್ ತಡೆಯೋ ಪ್ಲಗ್‌ಬೋರ್ಡ್‌ಗೂ ಇದೇ ಮಾತು. ಗುಡುಗು ಶುರುವಾಗೋ ಮುಂಚೆಯೇ ಕರೆಂಟ್ ಪ್ಲಗ್ ಕಿತ್ತಿಟ್ಟರೆ ಮಾತ್ರ ಸಾಲದು, ಡಿಶ್ ಕೇಬಲ್ಲೂ ಕಿತ್ತಿಡಿ. ಎಷ್ಟೋ ಟಿವಿಗಳು ಸತ್ತಿರೋದು ಮಹಡಿ ಮೇಲಿನ ಡಿಶ್ ದಾರಿಯಲ್ಲೇ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ತಂದೆಯವರ ಕಿವಿ ಒಮ್ಮೆ ಪರೀಕ್ಷೆ ಮಾಡಿಸಿ. ನಮ್ಮೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಶ್ರವಣ ಪರೀಕ್ಷೆಗೆಂದೇ ಇರೋ ಜಾಗ. ಸ್ಪೀಕರ್‌ನಿಂದ ಆಗೋದು ಒಂದಷ್ಟು, ಉಳಿದದ್ದು ಅಲ್ಲಿ ಆಗಬೇಕು.

ತುಂಗಾತೀರ, ಶಿವಮೊಗ್ಗ

ವೈರ್‌ಮ್ಯಾನ್ ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳೀತಿಲ್ಲ. ನೆಲದ ಪೈಪ್ ನನ್ನ ತಲೆಗೇ ಬಂದಿರಲಿಲ್ಲ. ಎಲೆಕ್ಟ್ರಿಷಿಯನ್‌ಗೆ ನಿಮ್ಮ ಬರಹವನ್ನೇ ಓದಿ ಹೇಳಿದೆ, 50 ಎಂಎಂ ತಂದಿದ್ದಾರೆ. ಅಪ್ಪನ ಕಿವಿ ಪರೀಕ್ಷೆಗೂ ಮಾತಾಡಿದ್ದೀವಿ, ಒಪ್ಪಿದ್ದಾರೆ.

ಅಂಗಡಿಯವರು ಮಾತ್ರ ಬಿಡ್ತಿಲ್ಲ. "ನೀವು ನೋಡಿಟ್ಟಿರೋ ರಿಸೀವರ್ 80 ವಾಟ್, ನಮ್ಮದು 1,200" ಅಂತಾರೆ. ಇದಕ್ಕೆ ಏನು ಹೇಳೋದು?

ಕಾಪು_ಕಡಲು, ಉಡುಪಿ

ಆ 1,200ರ ಹತ್ತಿರ ಚಿಕ್ಕ ಅಕ್ಷರದಲ್ಲಿ ಎಂತ ಬರೆದುಂಟು ಅಂತ ಓದಿ ಮಾರಾಯ್ರೆ. ಹಿಂದೆ ಟೇಪ್‌ರೆಕಾರ್ಡರ್ ಕಾಲದಲ್ಲಿ "ಪಿಎಂಪಿಒ" ಅಂತ ಸಾವಿರಗಟ್ಟಲೆ ಬರೀತಿದ್ರಲ್ಲ, ಅದೇ ಜಾತಿಯ ಲೆಕ್ಕ ಈಗಲೂ ಉಂಟು. "6 ಓಮ್, 1 ಕಿಲೋಹರ್ಟ್ಸ್, 10% ಟಿಎಚ್‌ಡಿ" ಅಂತಿದ್ದರೆ (ಟಿಎಚ್‌ಡಿ ಅಂದರೆ ಶಬ್ದ ಎಷ್ಟು ಕೆಟ್ಟಿತು ಅನ್ನುವ ಲೆಕ್ಕ) ಶಬ್ದ ಒಡೆದು ಕರ್ಕಶ ಆಗುವವರೆಗೆ ದೂಡಿ ಅಳೆದದ್ದು, ಅದೂ ಒಂದೇ ಒಂದು ಸ್ವರಕ್ಕೆ. ಅಂಥದ್ದನ್ನು ಎಲ್ಲ ಸ್ಪೀಕರಿನದ್ದೂ ಕೂಡಿಸಿ 1,200. "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.08% ಟಿಎಚ್‌ಡಿ, ಎರಡು ಚಾನೆಲ್" ಅಂತ ಬರೆದ 80 ವಾಟ್ ಉಂಟಲ್ಲ, ಅದು ನಿಯತ್ತಿನ ಲೆಕ್ಕ.

ಮತ್ತೆ ವಾಟ್ ಎಷ್ಟು ಬೇಕು ಅಂತ ನೋಡುವ. 86 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86. ನೀವು ಕೂತ ಜಾಗಕ್ಕೆ ಬರುವಾಗ 77ರ ಹತ್ತಿರ, ಕೋಣೆಯ ಗೋಡೆಗಳು ಇನ್ನು ಸ್ವಲ್ಪ ಸೇರಿಸ್ತವೆ. ಮಾತು ಕೇಳ್ಲಿಕ್ಕೆ ಅದೇ ಧಾರಾಳ ಆಯ್ತು. 10 ವಾಟಿಗೆ 87, 100 ವಾಟಿಗೆ 97. ವಾಟ್ ಇಮ್ಮಡಿ ಆದರೆ ಹೆಚ್ಚುವುದು ಬರೀ 3 ಡೆಸಿಬಲ್. ಹಾಗಾಗಿ 80ಕ್ಕೂ 100ಕ್ಕೂ ಕಿವಿಗೆ ವ್ಯತ್ಯಾಸ ಇಲ್ಲ. ಸ್ಪೀಕರ್ ಆರಿಸುವಾಗ ಸೆನ್ಸಿಟಿವಿಟಿ 89–90 ಇದ್ದದ್ದು ಸಿಕ್ಕಿದರೆ ಅದೇ ದೊಡ್ಡ ಲಾಭ.

ನಾನು ಅಂಗಡಿಗೆ ಹೋದರೆ ಯಕ್ಷಗಾನದ ರೆಕಾರ್ಡಿಂಗ್ ಹಾಕಿಸ್ತೇನೆ. ಚೆಂಡೆಯ ಪೆಟ್ಟು ಉಂಟಲ್ಲ, ಸೊನ್ನೆಯಿಂದ ಪೂರ್ತಿಗೆ ಒಂದು ಕ್ಷಣದಲ್ಲಿ ಏರ್ತದೆ. ದುರ್ಬಲ ಆಂಪ್ಲಿಫೈಯರ್ ಆದರೆ ಅಲ್ಲೇ ಚಟ್ ಚಟ್ ಅಂತ ಒಡೀತದೆ. ಚೆಂಡೆ ಜೋರಿರುವಾಗಲೂ ಭಾಗವತರ ಪದ್ಯದ ಅಕ್ಷರ ಬಿಡಿ ಬಿಡಿಯಾಗಿ ಕೇಳಿದರೆ ಆ ಸೆಟ್ ನಂಬಬಹುದು. ಅಂಗಡಿಯವರ ಡೆಮೋದಲ್ಲಿ ಬರೀ ಸ್ಫೋಟ, ಹೆಲಿಕಾಪ್ಟರ್. ಅದರಿಂದ ಏನೂ ಗೊತ್ತಾಗುವುದಿಲ್ಲ.

ಸೆಕೆಂಡ್‌ಹ್ಯಾಂಡ್ ನೋಡುವುದಾದರೆ ಸ್ಪೀಕರಿನ ಅದುರುವ ಕೋನ್ ಸುತ್ತಲಿನ ಅಂಚು ಮುಟ್ಟಿ ನೋಡಿ. ಫೋಮ್ ಆದರೆ ನಮ್ಮ ಕರಾವಳಿ, ನಿಮ್ಮ ಮಲೆನಾಡಿನ ತೇವಕ್ಕೆ ಪುಡಿ ಪುಡಿ ಆಗ್ತದೆ. ರಬ್ಬರ್ ಅಂಚು ಬಾಳ್ತದೆ.

ನಾದಲೋಲ, ಬೆಂಗಳೂರು

ಇವತ್ತು ಅಳತೆಗಳನ್ನ ಮತ್ತೆ ಹಾಕಿ ನೋಡಿದೆ. ಸೋಫಾ ಜಾಗ ಬದಲಿಸಬೇಕು ಸಾರ್. 18 ಅಡಿಯ ಹಾಲ್‌ನಲ್ಲಿ 9 ಅಡಿ ಅಂದರೆ ಸರಿಯಾಗಿ ಅರ್ಧ. ಎದುರುಬದುರು ಗೋಡೆಗಳ ನಡುವೆ ತಗ್ಗು ಸ್ವರದ ಅಲೆಗಳು ನಿಂತುಬಿಡ್ತವೆ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತೆ. ಅದನ್ನ ಗೋಡೆಗಳ ಅಂತರದ ಎರಡು ಪಟ್ಟಿನಿಂದ ಭಾಗಿಸಿದರೆ 18 ಅಡಿಗೆ 31 ಹರ್ಟ್ಸ್, 13 ಅಡಿಗೆ 43, ಎತ್ತರ 10 ಅಡಿಗೆ 56. ಇವುಗಳಲ್ಲಿ 31ರ ಅಲೆ ಗೋಡೆ ಹತ್ತಿರ ಜೋರಾಗಿ, ನಟ್ಟನಡುವೆ ಬಹುತೇಕ ಸೊನ್ನೆಯಾಗಿರುತ್ತೆ. ನೀವು ಆ ಸೊನ್ನೆಯಲ್ಲೇ ಕೂರ್ತಿದ್ದೀರಿ. ಎಷ್ಟೇ ದೊಡ್ಡ ಸಬ್‌ವೂಫರ್ ತಂದರೂ ಅಲ್ಲಿ ಆ ಸ್ವರ ಕೇಳಲ್ಲ, ಬದಲಿಗೆ ಹಿಂದಿನ ಕೋಣೆಯಲ್ಲಿ ಮಲಗಿದವರಿಗೆ ಗುಡುಗುತ್ತೆ.

ಸೋಫಾವನ್ನ ಹತ್ತೂವರೆ ಅಡಿಗೆ ತಳ್ಳಿ. ಹಿಂದೆ ಏಳೂವರೆ ಅಡಿ ಉಳಿಯುತ್ತೆ, ಓಡಾಡೋಕೂ ಹಿಂದಿನ ಸ್ಪೀಕರ್‌ಗೂ ಸಾಕು. ಆಗ 65 ಇಂಚು ಮತ್ತೆ 25 ಡಿಗ್ರಿಗೆ ಇಳಿಯುತ್ತೆ, 75 ಆದರೆ 29. ಟಿವಿ ಬಜೆಟ್ ಹಿಗ್ಗಿದರೆ 75 ನೋಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದಿರೋದರಿಂದ ಹಳೆಯ ಬೆಲೆ ಪಟ್ಟಿ ನಂಬಬೇಡಿ. ಹಿಗ್ಗದಿದ್ದರೆ 65 ಇರಲಿ, ಅದಕ್ಕಾಗಿ ಸ್ಪೀಕರ್ ದುಡ್ಡಿಗೆ ಕೈ ಹಾಕಬೇಡಿ.

ಎಡಬಲ ಸ್ಪೀಕರ್ ಒಂದಕ್ಕೊಂದು 9 ಅಡಿ ದೂರ, ಪಕ್ಕದ ಗೋಡೆಯಿಂದ ಎರಡೆರಡು ಅಡಿ ಬಿಟ್ಟು. ಟ್ವೀಟರ್, ಅಂದರೆ ಮೇಲಿನ ಸ್ವರ ಕೊಡೋ ಸಣ್ಣ ಭಾಗ, ಕಿವಿಯ ಮಟ್ಟಕ್ಕೆ. ನಡುವಿನದು ಟಿವಿ ಕೆಳಗೆ. ಯೂನಿಟ್‌ನ ಗೂಡಿನೊಳಗೆ ತುರುಕಬೇಡಿ, ಅದರ ಮುಖ ಹಲಗೆಯ ಅಂಚಿಗೆ ಬರಲಿ, ಮುಂಭಾಗ ಸ್ವಲ್ಪ ಎತ್ತಿ ಕಿವಿ ಕಡೆ ತಿರುಗಿಸಿ. 75 ಇಂಚಿನ ಟಿವಿಯ ನಡುಭಾಗ 42 ಇಂಚಿಗೆ ಬಂದರೆ ಕೆಳ ಅಂಚು 23–24 ಇಂಚಿಗೆ ಬರುತ್ತೆ, ಹಾಗಾಗಿ ಯೂನಿಟ್ 16 ಇಂಚಿಗಿಂತ ಎತ್ತರ ಬೇಡ ಅಂತ ಬಡಗಿಗೆ ಈಗಲೇ ಹೇಳಿ. ರಿಸೀವರ್ ಇಡೋ ಖಾನೆಗೆ ಹಿಂದೆ ಹಲಗೆ ಬೇಡ, ಮೇಲೆ ಐದಾರು ಇಂಚು ಗಾಳಿ ಬೇಕು, ಅದು ಬಿಸಿಯಾಗುತ್ತೆ.

ನಿಮ್ಮ ಎಡಗಡೆ ಗಾಜು, ಬಲಗಡೆ ಬಯಲು. ಬಿಟ್ಟರೆ ಶಬ್ದ ಎಡಕ್ಕೇ ವಾಲುತ್ತೆ. ಕಿಟಕಿಗೆ ದಪ್ಪ ಬಟ್ಟೆಯ ಪರದೆ, ನೆರಿಗೆ ಜಾಸ್ತಿ ಇರೋ ಹಾಗೆ ಹೊಲಿಸಿ. ಹಗಲು ಟಿವಿ ಮೇಲೆ ಬೀಳೋ ಬೆಳಕೂ ತಪ್ಪುತ್ತೆ.

ಫ್ರೀಮಾಂಟ್_ಕನ್ನಡತಿ

ನಮ್ಮಣ್ಣನೂ ಮಂಡ್ಯದಲ್ಲಿ ಮನೆ ಕಟ್ಟಿಸ್ತಿದ್ದಾನೆ, ಈ ಚರ್ಚೆ ಅವನಿಗೂ ಕಳಿಸಿದೆ. ಇಲ್ಲಿ ಅಮೆರಿಕದಲ್ಲಿ ರಿಸೀವರ್, ಸ್ಪೀಕರ್ ರಿಯಾಯಿತಿಯಲ್ಲಿ ಚೆನ್ನಾಗಿ ಸಿಗುತ್ತೆ. ಬರುವಾಗ ತಂದುಕೊಡಲಾ ಅಂತ ಯೋಚನೆ.

ವೈರ್‌ಮ್ಯಾನ್, ಮೈಸೂರು

ಅಕ್ಕಾ, ರಿಸೀವರ್ ತರಬೇಡಿ. ಅಲ್ಲಿಯದು 120 ವೋಲ್ಟ್, ಇಲ್ಲಿ 230. ಟಿವಿ, ಲ್ಯಾಪ್‌ಟಾಪ್‌ನಂಥವು ಬಹಳಷ್ಟು 100ರಿಂದ 240ರವರೆಗೆ ತಾವೇ ಹೊಂದಿಕೊಳ್ತವೆ. ರಿಸೀವರ್‌ನಲ್ಲಿ ದಪ್ಪ ಟ್ರಾನ್ಸ್‌ಫಾರ್ಮರ್ ಇರುತ್ತೆ, ಅದು ಹೊಂದಿಕೊಳ್ಳಲ್ಲ, ನೇರ ಹಾಕಿದರೆ ಸುಟ್ಟುಹೋಗುತ್ತೆ. ಸ್ಟೆಪ್‌ಡೌನ್ ಇಟ್ಟರೆ ನಡೆಯುತ್ತೆ, ಆದರೆ ಅದರ ಖರ್ಚು, ಜಾಗ, ಗೊರಗೊರ ಎಲ್ಲ ಸೇರಿ ಉಳಿತಾಯ ಹೋಯ್ತು. ಕರೆಂಟ್ ಬೇಡದ ಮಾಮೂಲಿ ಸ್ಪೀಕರ್ ತರಬಹುದು, ಅದಕ್ಕೆ ವೋಲ್ಟ್ ಸಂಬಂಧವೇ ಇಲ್ಲ. ಒಳಗೇ ಆಂಪ್ಲಿಫೈಯರ್ ಇರೋ ಸಬ್‌ವೂಫರ್ ಆದರೆ ಹಿಂದಿನ ಲೇಬಲ್ ಓದಿ.

ಸುಮಾ_ಜಯನಗರ

ಸಬ್‌ವೂಫರ್ ಬಗ್ಗೆ ಅಕ್ಕಪಕ್ಕದವರ ಪರವಾಗಿ ಒಂದು ಮಾತು. ಗೋಡೆ ದಾಟೋದು ಮಾತಲ್ಲ, ಆ ತಗ್ಗು ಗುಂಗು. 2000ರ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ರಿಸೀವರ್‌ನಲ್ಲೂ ಬಾರ್‌ನಲ್ಲೂ ನೈಟ್ ಮೋಡ್ ಇರುತ್ತೆ, ಜೋರಾದದ್ದನ್ನು ಇಳಿಸಿ ಮೆಲುವಾದದ್ದನ್ನು ಏರಿಸುತ್ತೆ. ರಾತ್ರಿಗೆ ಮಾತ್ರವಲ್ಲ, ಹಿರಿಯರಿಗೆ ಹಗಲಲ್ಲೂ ಒಳ್ಳೆಯದು. ನಮ್ಮತ್ತೆ ಅದನ್ನು ಯಾವಾಗಲೂ ಹಾಕಿಯೇ ಇಟ್ಟಿದ್ದಾರೆ.

ತುಂಗಾತೀರ, ಶಿವಮೊಗ್ಗ

ಬಹಳ ದಿನದ ಮೇಲೆ ಬರೀತಿದ್ದೀನಿ, ಗೃಹಪ್ರವೇಶದ ಓಡಾಟ. ಹತ್ತು ಸ್ಪೀಕರ್ ಬಿಟ್ಟೆ. ಮುಂದೆ ಮೂರು, ಒಂದು 10 ಇಂಚಿನ ಸಬ್‌ವೂಫರ್, ಏಳು ಚಾನೆಲ್ ರಿಸೀವರ್. ಟಿವಿ 75. ಹಿಂದಿನ ಎರಡು ಸ್ಪೀಕರ್ ದೀಪಾವಳಿಗೆ, ಪೈಪ್ ಕಾಯ್ತಿದೆ.

ಈಗ ಮೂರು ತೊಂದರೆ. ಒಂದು, ಸಣ್ಣಗೆ ಗುಂಯ್ ಅಂತಿದೆ. ಎರಡು, ಓಟಿಟಿಯಲ್ಲಿ ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತೆ. ಮೂರು, ಕನ್ನಡ ವಾರ್ತೆ, ಸೀರಿಯಲ್ ಹಾಕಿದರೆ ನಡುವಿನ ಸ್ಪೀಕರ್ ಸುಮ್ಮನಿರುತ್ತೆ. ಅಪ್ಪ ನೋಡೋದೇ ಅದನ್ನ.

ವೈರ್‌ಮ್ಯಾನ್, ಮೈಸೂರು

ಗುಂಯ್‌ಗೆ: ಸೆಟ್‌ಟಾಪ್ ಬಾಕ್ಸ್ ಹಿಂದಿನ ಡಿಶ್ ಕೇಬಲ್ ತಿರುಗಿಸಿ ಬಿಚ್ಚಿ. ಆಗ ನಿಂತರೆ ಕಾರಣ ಅದೇ. ಡಿಶ್‌ನ ಕಬ್ಬಿಣ, ಕೇಬಲ್‌ನ ಹೊರಕವಚ ಬೇರೆ ಕಡೆ ಭೂಮಿ ಮುಟ್ಟಿದೆ. ಕೇಬಲ್ ಮನೆ ಒಳಗೆ ಬರೋ ಜಾಗದಲ್ಲೇ ಅದರ ಕವಚವನ್ನ ಮನೆಯ ಅರ್ಥಿಂಗ್‌ಗೆ ಸೇರಿಸೋಕೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ನಿಲ್ಲದಿದ್ದರೆ ಒಂದೊಂದೇ ವೈರ್ ಬಿಚ್ಚುತ್ತಾ ಹೋಗಿ. ಕರೆಂಟ್ ಹೋದಾಗ ಮಾತ್ರ ಬರ್ತಿದ್ದರೆ ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು, ಸೈನ್ ವೇವ್ ಬೇಕು. ಯಾರಾದರೂ "ಪ್ಲಗ್‌ನ ದಪ್ಪ ಪಿನ್ ಕತ್ತರಿಸಿ, ಸರಿಹೋಗುತ್ತೆ" ಅಂದರೆ ದಯವಿಟ್ಟು ಕೇಳಬೇಡಿ. ಹಮ್ಮಿಂಗ್ ಹೋಗಬಹುದು, ಆದರೆ ಮುಟ್ಟಿದವರ ಜೀವಕ್ಕೇ ಅಪಾಯ.

ನಾದಲೋಲ, ಬೆಂಗಳೂರು

ತುಟಿಗೆ: ಟಿವಿಯ ಆಪ್‌ನಿಂದ ಎಆರ್‌ಸಿ (ಎಚ್‌ಡಿಎಂಐ ವೈರ್‌ನಲ್ಲೇ ಟಿವಿಯ ಶಬ್ದ ವಾಪಸ್ ಬರೋ ದಾರಿ) ಮೂಲಕ ಶಬ್ದ ರಿಸೀವರ್‌ಗೆ ಬರ್ತಿದೆ ಅಲ್ವಾ? ಟಿವಿ ಸೆಟಿಂಗ್‌ನಲ್ಲಿ ಡಿಜಿಟಲ್ ಆಡಿಯೊ ಔಟ್‌ಪುಟ್ "ಪಾಸ್‌ಥ್ರೂ" ಮಾಡಿ. ಈಗ ಟಿವಿ ಅದನ್ನ ಬಿಚ್ಚಿ, ಮತ್ತೆ ಕಟ್ಟಿ ಕಳಿಸ್ತಿರಬಹುದು, ಅಲ್ಲೇ ತಡ. ರಿಸೀವರ್‌ನ ಆಡಿಯೊ ಡಿಲೇ ಸೊನ್ನೆ ಇದೆಯಾ ನೋಡಿ. ಮಾತು 45 ಮಿಲಿಸೆಕೆಂಡ್ ಮುಂಚೆ ಬಂದರೂ ಕಣ್ಣಿಗೆ ಗೊತ್ತಾಗುತ್ತೆ, ತಡವಾದರೆ 125ರವರೆಗೂ ಗೊತ್ತಾಗಲ್ಲ. ಹಾಗಾಗಿ ನಿಮ್ಮಲ್ಲಿ ತಡ ಸಾಕಷ್ಟೇ ಇದೆ. ಎಆರ್‌ಸಿಯೋ ಅದರ ಹೊಸ ರೂಪ ಇಎಆರ್‌ಸಿಯೋ ಅಂತ ತಲೆ ಕೆಡಿಸ್ಕೋಬೇಡಿ. ಓಟಿಟಿಯ ಡಾಲ್ಬಿ ಡಿಜಿಟಲ್ ಪ್ಲಸ್ ಎಆರ್‌ಸಿಯಲ್ಲೇ ಬರುತ್ತೆ. ಇಎಆರ್‌ಸಿ ಬೇಕಾಗೋದು ಬ್ಲೂರೇ ಡಿಸ್ಕ್‌ನ ಟ್ರೂಎಚ್‌ಡಿಯಂಥ, ಕುಗ್ಗಿಸಿದರೂ ಏನೂ ಕಳೆದುಹೋಗದ ಶಬ್ದವನ್ನ ಟಿವಿ ಮೂಲಕ ಕಳಿಸುವಾಗ.

ವಾರ್ತೆಗೆ: ವಾಹಿನಿಯಿಂದ ಬರ್ತಿರೋದು ಸ್ಟೀರಿಯೊ, ನಿಮ್ಮ ರಿಸೀವರ್ ಅದನ್ನ ಹಾಗೇ ಎರಡು ಸ್ಪೀಕರ್‌ಗೆ ಕೊಡ್ತಿದೆ. ಸೌಂಡ್ ಮೋಡ್‌ನಲ್ಲಿ "ಸ್ಟೀರಿಯೊ" ಬಿಟ್ಟು "ಡಾಲ್ಬಿ ಸರೌಂಡ್" ಆರಿಸಿ. ಎರಡೂ ಚಾನೆಲ್‌ನಲ್ಲಿ ಸಮಾನವಾಗಿರೋದನ್ನ, ಅಂದರೆ ಮಾತನ್ನ, ಅದು ಹೆಕ್ಕಿ ನಡುವಿನ ಸ್ಪೀಕರ್‌ಗೆ ಕೊಡುತ್ತೆ. ಆಮೇಲೆ ಸೆಂಟರ್ ಲೆವೆಲ್ 3 ಡೆಸಿಬಲ್ ಏರಿಸಿ.

ಕೋಣೆಯ ಶಬ್ದ ಅಳೆದು ರಿಸೀವರ್ ಹೊಂದಿಸೋ ರೂಮ್ ಕರೆಕ್ಷನ್ ಮೈಕ್ ಓಡಿಸಿದ್ರಾ? ಕೈಯಲ್ಲಿ ಹಿಡಿಯಬೇಡಿ, ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ಇಡಿ, ಫ್ಯಾನ್ ಆಫ್ ಮಾಡಿ. ಮೊದಲ ಅಳತೆ ಸೋಫಾದ ನಡುವೆ, ಇನ್ನೊಂದು ಅಪ್ಪನ ಕುರ್ಚಿಯಲ್ಲಿ. ಮುಗಿದ ಮೇಲೆ ಸ್ಪೀಕರ್‌ಗಳನ್ನ "ಲಾರ್ಜ್" ಅಂತ ಬರೆದುಕೊಂಡಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್, ಆಗ ಅದಕ್ಕಿಂತ ತಗ್ಗು ಸ್ವರ ಸಬ್‌ವೂಫರ್‌ಗೆ ಹೋಗುತ್ತೆ. ಸಬ್‌ವೂಫರ್‌ಗೆ ಜಾಗ ಹುಡುಕೋಕೆ ಅದನ್ನೇ ಎತ್ತಿ ಸೋಫಾ ಮೇಲಿಟ್ಟು, ತಂಬೂರಿಯದೋ ಮೃದಂಗದ್ದೋ ತಗ್ಗು ಸ್ವರ ಹಾಕಿ, ಮುಂದಿನ ಗೋಡೆ ಉದ್ದಕ್ಕೂ ಮಂಡಿಯೂರಿ ಕಿವಿ ಕೊಟ್ಟು ಹೋಗಿ. ಎಲ್ಲಿ ಸ್ವರಗಳು ಒಂದೇ ಸಮ ಕೇಳ್ತವೋ ಅಲ್ಲಿ ಅದನ್ನಿಡಿ.

ತುಂಗಾತೀರ, ಶಿವಮೊಗ್ಗ

ಡಿಶ್ ಕೇಬಲ್ಲೇ! ಬಿಚ್ಚಿದ ತಕ್ಷಣ ಗುಂಯ್ ನಿಂತಿತು. ಪಾಸ್‌ಥ್ರೂ ಮಾಡಿದೆ, ತುಟಿಯೂ ಸರಿಯಾಯ್ತು. ಡಾಲ್ಬಿ ಸರೌಂಡ್ ಹಾಕಿದ ಮೇಲೆ ಅಪ್ಪ ನಿನ್ನೆ ರಾತ್ರಿ ವಾರ್ತೆ ಪೂರ್ತಿ ನೋಡಿದರು, ಒಮ್ಮೆಯೂ ಯಾರನ್ನೂ ಏನೂ ಕೇಳಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು "ಸೌಂಡ್ ಇಷ್ಟು ಕಮ್ಮಿ ಇದೆಯಲ್ಲ, ನಿಮಗೆ ಕೇಳ್ತಿದೆಯಾ" ಅಂದರು. ಎಲ್ಲರಿಗೂ ಮನಸಾರೆ ಧನ್ಯವಾದ.

ಹೊಸಬ_ದಾವಣಗೆರೆ

ತಡವಾಗಿ ಓದಿದೆ, ಇದರಿಂದ ತುಂಬಾ ಕಲಿತೆ. ನಮ್ಮದು ಬಾಡಿಗೆ ಮನೆ, ಪ್ಲಾಸ್ಟರ್ ಪೇಂಟ್ ಎಲ್ಲ ಆಗಿದೆ, ಗೋಡೆ ಮುಟ್ಟೋ ಹಾಗಿಲ್ಲ. ಹಿಂದಿನ ಸ್ಪೀಕರ್‌ಗೆ ವೈರ್ ಹೇಗೆ ಒಯ್ಯೋದು?

ವೈರ್‌ಮ್ಯಾನ್, ಮೈಸೂರು

ಗೋಡೆ ಬುಡದಲ್ಲಿ ಸ್ಕರ್ಟಿಂಗ್ ಟೈಲ್ಸ್ ಇರುತ್ತಲ್ಲ, ಅದರ ಮೇಲಿನ ಅಂಚಿಗೆ ಗಮ್ ಇರೋ ಸಣ್ಣ ಪಿವಿಸಿ ಕೇಸಿಂಗ್ ಅಂಟಿಸಿ ಒಳಗೆ ವೈರ್ ಕೂರಿಸಿ. ಮನೆ ಬಿಡುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಎಬ್ಬಿಸಿದರೆ ಪೇಂಟ್ ಕೀಳೋದು ಕಮ್ಮಿ. ಬಾಗಿಲು ಅಡ್ಡ ಬಂದರೆ ಹೊಸಿಲು ದಾಟಿಸಬೇಡಿ, ಕಾಲಿಗೆ ಸಿಕ್ಕಿ ಬೀಳ್ತಾರೆ, ಬಾಗಿಲ ಚೌಕಟ್ಟಿನ ಮೇಲಿಂದ ಸುತ್ತಿಸಿ. ವೈರ್ ಎಷ್ಟು ಬೇಕು ಅಂತ ದಾರ ಹಿಡಿದು ಅಳೆದು, ಮೂರಡಿ ಹೆಚ್ಚಿಗೆ ತಗೊಳ್ಳಿ. ಎರಡು ಎಳೆಯೂ ಒಂದೇ ಥರ ಕಾಣ್ತಿದ್ದರೆ ಒಂದಕ್ಕೆ ಎರಡೂ ತುದಿಯಲ್ಲಿ ಕೆಂಪು ಟೇಪ್ ಸುತ್ತಿ, ರಿಸೀವರ್ ಕಡೆಯೂ ಸ್ಪೀಕರ್ ಕಡೆಯೂ ಅದೇ ಎಳೆ ಕೆಂಪು ಟರ್ಮಿನಲ್‌ಗೆ ಹೋಗಲಿ.